ತೀರ್ಪಿಗೆ ಒಂದು ಹಿಡಿ ಮಂಡಕ್ಕಿ

ನನ್ನ ಜೀವಮಾನದಲ್ಲಿ ನಾನು ಬರೆದದ್ದು ಒಂದೇ ಒಂದು ನಾಟಕ. ಅದರ ಕೊನೆಯ ದೃಶ್ಯವನ್ನು ಮೂರು ಸಲ ತಿದ್ದಿ ಬರೆದಿದ್ದೆ. ಆ ದೃಶ್ಯವನ್ನು ಯಾರೂ ಒಮ್ಮೆಯೂ ಆಡಲಿಲ್ಲ. ಬೇಜಾರಾಗಲಿಲ್ಲವೇ ಎಂದು ಮೊಮ್ಮಕ್ಕಳು ಕೇಳುತ್ತಾರೆ. ಆಗಿತ್ತು, ಒಂದು ಗಂಟೆ ಹೊತ್ತು. ನನ್ನ ಕೋಪ ಅದಕ್ಕಿಂತ ಹೆಚ್ಚು ಬಾಳಿಕೆ ಬರುವಂಥದ್ದಲ್ಲ.

ಮೈಸೂರು ರಾಜ್ಯ ದೊಡ್ಡದಾಗಿ ಒಂದೆರಡು ವರ್ಷ ಆಗಿರಬೇಕು. ನನಗೆ ಇಪ್ಪತ್ತೊಂದು. ಶಿಕಾರಿಪುರದ ಕಡೆಯ ತೊಗರ್ಸಿಗೆ ಎರಡು ಮೈಲಿ ಈಚೆಗಿನ ಒಂದು ಹಳ್ಳಿಯ ಪ್ರಾಥಮಿಕ ಶಾಲೆಗೆ ನನ್ನನ್ನು ಶಿಕ್ಷಕಿಯಾಗಿ ಹಾಕಿದರು. ಊರಿನ ಹೆಸರು ಹೇಳುವುದಿಲ್ಲ. ಅಲ್ಲಿಯವರು ಈಗಲೂ ನನ್ನನ್ನು ಮದುವೆಗೆ ಕರೆಯುತ್ತಾರೆ. ಶಾಲೆಯಲ್ಲಿ ಹೆಡ್‌ಮಾಸ್ತರು ಒಬ್ಬರು, ನಾನೊಬ್ಬಳು. ಮದುವೆಯಾಗದ ಅಕ್ಕೋರನ್ನು ಯಾರ ಮನೆಯಲ್ಲಿ ಇರಿಸುವುದು ಎಂದು ಅವರು ತಲೆ ಕೆರೆದುಕೊಳ್ಳುತ್ತಿದ್ದಾಗ ನಾನೇ ಊರಲ್ಲಿ ಒಂದು ಸುತ್ತು ಹಾಕಿ, ಎಲ್ಲಕ್ಕಿಂತ ಚೊಕ್ಕಟವಾಗಿ ಸಾರಿಸಿದ್ದ ಜಗಲಿ ನೋಡಿ, ಅಲ್ಲಿ ಅಕ್ಕಿ ಆರಿಸುತ್ತಿದ್ದ ಅಜ್ಜಿಯನ್ನು ಕೇಳಿ, ಟ್ರಂಕು ಇಟ್ಟುಬಿಟ್ಟೆ. ಅಜ್ಜಿ ನನ್ನನ್ನು ಒಂದು ಗಳಿಗೆ ನೋಡಿ, "ಊಟನೂ ಇಲ್ಲೇ ಮಾಡ್ತೀರಾ?" ಎಂದು ಕೇಳಿದರು. ಮತ್ತೆಲ್ಲಿ ಮಾಡಲಿ ಎಂದೆ. ಅಜ್ಜಿ ಎದ್ದು ಒಳಗೆ ಹೋದವರು ಬಹಳ ಹೊತ್ತು ಹೊರಗೆ ಬರಲಿಲ್ಲ. ಸಂಕೋಚದವರು ಎಂದುಕೊಂಡೆ.

ಅವರ ಕೈರುಚಿ ಹೇಗಿತ್ತೆಂದರೆ, ಮೂರು ವಾರಕ್ಕೆ ನನ್ನ ರವಿಕೆಯ ಗುಂಡಿಗಳು ಹಾಕಲು ಬರದಂತಾದವು. ಜೋಳದ ರೊಟ್ಟಿ, ಪುಂಡಿಪಲ್ಯ, ಮೇಲೆ ಶೇಂಗಾ ಚಟ್ನಿ. ನಾನು ತಿನ್ನುವಾಗ ಅಜ್ಜಿ ಎದುರಿಗೆ ಕುಳಿತು, ಪ್ರತಿ ತುತ್ತೂ ಗಂಟಲಿಳಿಯುವವರೆಗೆ ನೋಡುತ್ತಿದ್ದರು. ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು, ಮಕ್ಕಳಿರಲಿಲ್ಲ. ಆದರೆ ಒಬ್ಬರೇ ಇರುವ ಆ ಮನೆಯಲ್ಲಿ ಸೋಮವಾರ ಸೋಮವಾರ ಹತ್ತು ಜನಕ್ಕಾಗುವಷ್ಟು ಅಡಿಗೆ ಆಗುತ್ತಿತ್ತು. ಮಧ್ಯಾಹ್ನದವರೆಗೆ ಅಜ್ಜಿ ಜಗಲಿಯಲ್ಲಿ ಕುಳಿತು ದಾರಿ ನೋಡುವರು. ಆಮೇಲೆ ಅನ್ನವನ್ನು ಎಮ್ಮೆಯ ಬಾನಿಗೆ ಸುರಿಯುವರು. ಇದ್ಯಾಕೆ ಅಜ್ಜಿ ಎಂದರೆ, "ಯಾರಾದ್ರೂ ಬಂದ್ರೆ ಅಂತ" ಎನ್ನುವರು.

ಯಾರೂ ಯಾಕೆ ಬರುವುದಿಲ್ಲ ಎಂದು ನನಗೆ ಬಾವಿಕಟ್ಟೆಯಲ್ಲಿ ಗೊತ್ತಾಯಿತು. ಹೆಂಗಸರು ನನ್ನ ಹೊಟ್ಟೆಯನ್ನೇ ನೋಡುತ್ತಿದ್ದರು. ಕೊನೆಗೆ ಒಬ್ಬಾಕೆ ನನ್ನ ಕಿವಿಯಲ್ಲಿ, "ಆ ಮುದುಕಿ ಮದ್ದು ಹಾಕ್ತಾಳ್ರಿ" ಎಂದಳು. ನಮ್ಮ ಸೀಮೆಯಲ್ಲಿ ಮದ್ದು ಹಾಕುವುದೆಂದರೆ ಮಾಟವನ್ನು ಅನ್ನದಲ್ಲಿ ಕಲಸಿ ಕೊಡುವುದು. ತಿಂದವರಿಗೆ ತಕ್ಷಣ ಏನೂ ಆಗುವುದಿಲ್ಲವಂತೆ. ಅದು ಹೊಟ್ಟೆಯೊಳಗೇ ಬೆಳೆದು, ತಿಂಗಳುಗಟ್ಟಲೆ ನರಳಿಸಿ ಮನುಷ್ಯನನ್ನು ತೆಗೆಯುತ್ತದಂತೆ. ಹಾಕುವವಳು ಹೆಂಗಸೇ, ಅದೂ ಬಹುಮಟ್ಟಿಗೆ ದಿಕ್ಕಿಲ್ಲದವಳೇ. ಅಜ್ಜಿಯ ಮೈದುನ ಹನ್ನೊಂದು ವರ್ಷದ ಹಿಂದೆ ಇವರ ಮನೆಯಲ್ಲಿ ಹಬ್ಬದ ಹೋಳಿಗೆ ಉಂಡವನು ಹಾಸಿಗೆ ಹಿಡಿದು, ಹೊಟ್ಟೆ ಊದಿಕೊಂಡು ಎರಡು ತಿಂಗಳಿಗೆ ಸತ್ತ. ಅವನ ಹೆಂಡತಿ, ಅಂದರೆ ಅಜ್ಜಿಯ ವಾರಗಿತ್ತಿ, ಹೆಣದ ಮುಂದೆ ಕುಳಿತು ಅಳುತ್ತ "ಈಕೀನೇ ಮದ್ದು ಹಾಕಿದ್ಲು" ಎಂದುಬಿಟ್ಟಳು. ಅಂದಿನಿಂದ ಆ ಜಗಲಿಯಲ್ಲಿ ಯಾರೂ ಮಜ್ಜಿಗೆ ಕುಡಿದದ್ದಿಲ್ಲ. ಎದುರು ಮನೆಯಲ್ಲೇ ಇದ್ದ ವಾರಗಿತ್ತಿಯಂತೂ ಮಾತೇ ಬಿಟ್ಟಿದ್ದಳು.

ಇದನ್ನು ಕೇಳಿ ನಾನು, ಓದಿದವಳು, ಟ್ರೈನಿಂಗ್ ಮಾಡಿದವಳು, ಏನು ಮಾಡಿದೆ? ನಾಚಿಕೆ ಬಿಟ್ಟು ಹೇಳುತ್ತೇನೆ. ಉಪವಾಸ ಹಿಡಿದೆ. ದಿನಾ ಬೆಳಿಗ್ಗೆ ಹೊಟ್ಟೆ ಒತ್ತಿ ನೋಡಿಕೊಳ್ಳುತ್ತಿದ್ದೆ. ಶಿಕಾರಿಪುರದಿಂದ ತರಿಸಿದ ಬನ್ನನ್ನು ಶಾಲೆಯ ಬೀರುವಿನಲ್ಲಿಟ್ಟು ತಿನ್ನುತ್ತಿದ್ದೆ. ಅಜ್ಜಿ ಊಟಕ್ಕೆ ಕರೆದರೆ, ಈಹೊತ್ತು ಸೋಮವಾರದ ಉಪವಾಸ ಎನ್ನುತ್ತಿದ್ದೆ. ನಾಲ್ಕನೇ ದಿನ ಅಜ್ಜಿ ತಟ್ಟೆ ಇಟ್ಟು ಮೆಲ್ಲಗೆ ಅಂದರು:

"ಅಕ್ಕೋರೆ, ಈ ವಾರದಾಗ ಮೂರು ಸೋಮವಾರ ಬಂದ್ವಲ್ರಿ."

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ನಗುತ್ತಲೇ ಇದ್ದರು, ಅದೇ ನನಗೆ ತಡೆಯಲಾಗಲಿಲ್ಲ. ಕುಳಿತು ನಾಲ್ಕು ರೊಟ್ಟಿ ತಿಂದೆ, ಅಳುತ್ತ ತಿಂದೆ. ಅಜ್ಜಿ ಇನ್ನೊಂದು ರೊಟ್ಟಿ ಹಾಕಿ, "ಸಾಯೋದ್ರೊಳಗೆ ಒಂದ್ ಸಲ ಈ ಜಗಲಿ ತುಂಬ ಎಲಿ ಹಾಸಬೇಕು ನೋಡ್ರಿ. ಅಷ್ಟಾದ್ರೆ ಸಾಕು ನಂಗೆ" ಎಂದರು. ನನ್ನ ಮೇಲೂ ಊರಿನ ಮೇಲೂ ಬಂದಿದ್ದ ಕೋಪವೆಲ್ಲ ಅಲ್ಲಿಗೆ ಒಂದು ಕೆಲಸ ಹುಡುಕಿಕೊಂಡಿತು.

ಆ ವರ್ಷಗಳಲ್ಲಿ ಬ್ಲಾಕ್ ಆಫೀಸಿನವರಿಗೆ ಸಮಾಜ ಶಿಕ್ಷಣದ ಹುರುಪು. ಯಾರಾದರೂ ಒಳ್ಳೆಯ ವಿಚಾರದ ನಾಟಕ ಆಡಿದರೆ ಜಮಖಾನ, ಪರದೆ ಎರಡೂ ಕೊಡುತ್ತೇವೆ ಎಂದಿದ್ದರು. ನಾನು ಹದಿನೈದು ದಿನದಲ್ಲಿ ನಾಟಕ ಬರೆದೆ. ಒಬ್ಬ ರೈತ ಕಾಯಿಲೆ ಬೀಳುತ್ತಾನೆ. ಅವನ ಅಣ್ಣನ ಹೆಂಡತಿ ಮದ್ದು ಹಾಕಿದ ಮಾಟಗಾತಿ ಎಂದು ಪಂಚಾಯ್ತಿ ಸೇರುತ್ತದೆ. ಸಾಕ್ಷಿಗಳು ಬಂದು ಸಾಕ್ಷಿ ಹೇಳುತ್ತಾರೆ. ಇನ್ನೇನು ಶಿಕ್ಷೆ ಆಗಬೇಕು ಅನ್ನುವಾಗ ಶಿವಮೊಗ್ಗದಿಂದ ಡಾಕ್ಟರು ಬಂದು, ಚೀಲ ತೆಗೆದು, ಪಿತ್ತಕೋಶದ ಬಗ್ಗೆ ಒಂದೂವರೆ ಪುಟ ಮಾತಾಡುತ್ತಾರೆ. ಅಜ್ಜಿಗೆ ಓದಿ ಹೇಳಿದೆ.

"ನನ್ನ ಕತೀನೇ ಬರ್ದೀರಲ್ರಿ" ಎಂದರು.

"ನಿಮ್ದಲ್ಲ ಅಜ್ಜಿ, ಸುಮ್ನೆ ಒಂದು ಕತೆ."

"ಸುಳ್ಳು ಹೇಳಾಕೆ ಬರಂಗಿಲ್ಲ ನಿಮಗೆ. ಇರ್ಲಿ ಬಿಡ್ರಿ. ಆದ್ರೆ ಆ ಡಾಕ್ಟ್ರು ಭಾಳ ಮಾತಾಡ್ತಾನೆ. ನಮ್ಮೂರಾಗೆ ಯಾವಾಗ ಆಡ್ತೀರಿ?"

ಆಡೋಣ ಎಂದೆ. ಆದರೆ ಊರಿನಲ್ಲಿ ಆಡಲು ನನಗೆ ಧೈರ್ಯವಿರಲಿಲ್ಲ. ಅಜ್ಜಿಯ ಎದುರಿಗೇ ಜನ ಎದ್ದು ಏನಾದರೂ ಅಂದರೆ? ಮೊದಲು ಬೇರೆ ಊರುಗಳಲ್ಲಿ ನೋಡೋಣ ಎಂದು ಮುಂದೂಡಿದೆ.

ಪಂಚಾಯ್ತಿಯ ಯಜಮಾನನ ಪಾತ್ರಕ್ಕೆ ಹೆಡ್‌ಮಾಸ್ತರು. ದೂರು ಕೊಡುವವನು ಸೊಸೈಟಿಯ ಗುಮಾಸ್ತ. ಆರೋಪಿ ಹೆಂಗಸಿನ ಪಾತ್ರಕ್ಕೆ ನಮ್ಮ ಪೋಸ್ಟ್‌ಮ್ಯಾನ್, ಯಾಕೆಂದರೆ ಆಗ ಮನೆತನಸ್ಥ ಹೆಂಗಸರು ರಂಗ ಹತ್ತುತ್ತಿರಲಿಲ್ಲ. ನಾನು ಬರೆದದ್ದೇ ಅತಿಯಾಯಿತು ಎನ್ನುವವರಿದ್ದರು. ಪೋಸ್ಟ್‌ಮ್ಯಾನ್‌ಗೆ ಸೊಂಪಾದ ಮೀಸೆ. ತೆಗೆಯಿರಿ ಎಂದರೆ, "ಅಪ್ಪ ಇನ್ನೂ ಗಟ್ಟಿಮುಟ್ಟಾಗಿ ಅದಾನೆ, ಮೀಸಿ ತಗ್ಯಾಕಾಗಲ್ರಿ" ಎಂದ. ಅದೂ ನಿಜವೇ, ತಂದೆ ಬದುಕಿರುವಾಗ ಮೀಸೆ ಬೋಳಿಸುವಂತಿಲ್ಲ. ಹಾಗಾಗಿ ನಮ್ಮ ಮಾಟಗಾತಿ ನಾಟಕದುದ್ದಕ್ಕೂ ಸೆರಗಿನ ತುದಿಯನ್ನು ಮೂಗಿನ ಕೆಳಗೆ ಹಿಡಿದುಕೊಂಡೇ ಇರುತ್ತಿದ್ದಳು. ಪಾಪ, ಎಷ್ಟು ಮಾನವಂತೆ ಎಂದು ನೋಡುವ ಹೆಂಗಸರು ಮರುಗುತ್ತಿದ್ದರು.

ಮೊದಲ ಆಟ ಶಿಕಾರಿಪುರದಲ್ಲಿ, ಸಂತೆಯ ದಿನ ಮಧ್ಯಾಹ್ನ. ಎರಡು ಗಾಡಿ ಜೋಡಿಸಿ, ಮೇಲೆ ಹಲಗೆ ಹಾಸಿದರೆ ಅದೇ ರಂಗ. ಎಲ್ಲ ಸುಸೂತ್ರವಾಗಿ ನಡೆದು ಪಂಚಾಯ್ತಿಯ ತೀರ್ಮಾನದ ಮಾತು ಬಂತು. ಹೆಡ್‌ಮಾಸ್ತರು ಎದ್ದು, ಶಾಲು ಸರಿಮಾಡಿಕೊಂಡು, "ಈ ಪಂಚಾಯ್ತಿಯ ತೀರ್ಮಾನ ಏನಂದ್ರೆ..." ಎಂದವರು ಅಲ್ಲೇ ನಿಂತರು. ಮಾತು ಮರೆತುಹೋಗಿತ್ತು. ನಾನು ಗಾಡಿಯ ಕೆಳಗಿನಿಂದ ಪಿಸುಗುಟ್ಟಿದೆ, ಗಟ್ಟಿಯಾಗಿಯೇ ಹೇಳಿದೆ, ಕೊನೆಗೆ ಅವರ ಕಾಲನ್ನೂ ಜಗ್ಗಿದೆ. ಅವರು ಬೆವರು ಒರೆಸಿಕೊಂಡು, ಸಂತೆಯ ಜನದ ಕಡೆ ತಿರುಗಿ, "ಏನ್ರಪ್ಪಾ, ನೀವೇ ಹೇಳ್ರಿ. ಏನ್ ಮಾಡೋಣ?" ಎಂದುಬಿಟ್ಟರು.

ಸಂತೆ ಹೇಳಿತು. ಎಲ್ಲರೂ ಒಟ್ಟಿಗೆ ಹೇಳಿದರು. ಮೆಣಸಿನಕಾಯಿ ಮಾರುವಾಕೆ ತಕ್ಕಡಿ ಹಿಡಿದುಕೊಂಡೇ ಮುಂದೆ ಬಂದು, ಕಾಯಿಲೆಯವನು ಅದೇ ದಿನ ಬೇರೆಲ್ಲಿ ಏನೇನು ತಿಂದ ಎಂದು ಗುಮಾಸ್ತನನ್ನು ಪಾಟೀಸವಾಲು ಮಾಡಿದಳು. ನಾನು ಬರೆದಿರಲಿಲ್ಲವಾದ್ದರಿಂದ ಗುಮಾಸ್ತನಿಗೆ ಗೊತ್ತಿರಲಿಲ್ಲ. ಹೊತ್ತು ಮುಳುಗುವವರೆಗೆ ಚರ್ಚೆ. ಡಾಕ್ಟರ ಪಾತ್ರದವನು ಚೀಲ ಹಿಡಿದು ಗಾಡಿಯ ಹಿಂದೆ ಕಾದೂ ಕಾದೂ ಬಸ್ಸು ಹತ್ತಿ ಮನೆಗೆ ಹೋದ. ನಾನು ಹೆಡ್‌ಮಾಸ್ತರರ ಮೇಲೆ ಹರಿಹಾಯ್ದೆ. ಅವರು ತಣ್ಣಗೆ, "ಅಲ್ಲಮ್ಮಾ, ನಿನ್ನ ಡಾಕ್ಟರ್ ಬಂದಿದ್ರೆ ಇಷ್ಟು ಜನ ನಿಲ್ತಿದ್ರಾ?" ಎಂದರು. ನಿಲ್ಲುತ್ತಿರಲಿಲ್ಲ. ಅಲ್ಲಿಗೆ ನನ್ನ ಕೊನೆಯ ದೃಶ್ಯ ಮುಗಿಯಿತು. ಇನ್ನು ಮೇಲೆ ತೀರ್ಪು ಜನರದೇ ಎಂದು ನಿಶ್ಚಯಿಸಿದೆವು.

ತೀರ್ಪು ತಿಳಿಯುವುದು ಹೇಗೆ? ಮುಂದಿನ ಊರಿನಲ್ಲಿ ಕೈ ಎತ್ತಿಸಿ ನೋಡಿದೆವು. ಎರಡನೇ ಚುನಾವಣೆ ಆಗಿ ಹೆಚ್ಚು ದಿನ ಆಗಿರಲಿಲ್ಲ, ಓಟಿನ ಉತ್ಸಾಹ ಇನ್ನೂ ಆರಿರಲಿಲ್ಲ. ತಪ್ಪಿತಸ್ಥೆ ಎನ್ನುವವರು ಎಂದಾಗಲೂ ಎಲ್ಲರ ಕೈ ಮೇಲೆ, ಅಲ್ಲ ಎನ್ನುವವರು ಎಂದಾಗಲೂ ಎಲ್ಲರ ಕೈ ಮೇಲೆ. ಮನೆಗೆ ಬಂದು ಅಜ್ಜಿಯ ಮುಂದೆ ಗೊಣಗಿದೆ. ಅಜ್ಜಿ ಒಲೆ ಊದುತ್ತ ಹೇಳಿದರು:

"ಕೈ ಎತ್ತೋದ್ರಾಗೆ ಏನೈತ್ರಿ? ಖರ್ಚಿಲ್ಲದ ಕೆಲಸ. ಆಕಿ ಕೈಯಿಂದ ಏನಾದ್ರೂ ತಿನ್ಲಿ. ತಿಂದ್ರೆ ತಪ್ಪಿಲ್ಲ ಅಂದಂಗೆ."

ಇದನ್ನು ಹೇಳಲು ಆ ಊರಲ್ಲಿ ಅವರಿಗಿಂತ ತಿಳಿದವರು ಯಾರಿದ್ದರು? ಶಿಕಾರಿಪುರದ ಭಟ್ಟಿಯಿಂದ ಒಂದು ಚೀಲ ಮಂಡಕ್ಕಿ ತರಿಸಿದೆವು. ಅಲ್ಲಿಂದ ಮುಂದೆ ನಿಯಮ ಇದು: ವಿಚಾರಣೆ ಮುಗಿದ ಮೇಲೆ ಆರೋಪಿ ಬುಟ್ಟಿ ಹಿಡಿದು ನಿಲ್ಲುತ್ತಾಳೆ. ನಿರಪರಾಧಿ ಎನ್ನುವವರು ಬಂದು ಅವಳ ಕೈಯಿಂದ ಒಂದು ಹಿಡಿ ತಿನ್ನಬೇಕು. ಅಲ್ಲ ಎನ್ನುವವರು ಕೂತಲ್ಲೇ ಕೂತಿರಬೇಕು. ಯಾವುದು ಹೆಚ್ಚೋ ಅದೇ ತೀರ್ಪು. ಆಡುವವರು ಮಾತ್ರ ತಿನ್ನುವಂತಿಲ್ಲ.

ಈಸೂರಿನಲ್ಲಿ ಆಟ ಮಂಡಕ್ಕಿಯವರೆಗೆ ಹೋಗಲೇ ಇಲ್ಲ. ನಲವತ್ತೆರಡರ ಚಳವಳಿಯಲ್ಲಿ ಸರ್ಕಾರವನ್ನೇ ಎದುರು ಹಾಕಿಕೊಂಡಿದ್ದ ಊರು ಅದು. "ಹೆಂಗಸಿನ ವಿಚಾರ ಆಮ್ಯಾಲೆ. ಈ ಯಜಮಾನನ್ನ ಯಾರು ಆರಿಸಿದ್ದು, ಅದನ್ನ ಮೊದ್ಲು ಹೇಳ್ರಿ" ಎಂದು ಹಿಂದಿನಿಂದ ಒಬ್ಬರು ಎದ್ದರು. ಸಂಜೆಯವರೆಗೆ ಹೆಡ್‌ಮಾಸ್ತರರ ವಿಚಾರಣೆ ನಡೆದು, ಅವರನ್ನು ಯಜಮಾನಿಕೆಯಿಂದ ಇಳಿಸಿ, ಆಮೇಲೆ ಎಲ್ಲರಿಗೂ ಬೆಲ್ಲ ನೀರು ಕೊಟ್ಟು ಕಳಿಸಿದರು.

ಸೊರಬದ ಆಟವನ್ನು ನಾನು ಮರೆಯುವುದಿಲ್ಲ. ಕ್ಯಾಸನೂರಿನ ಕಾಡಿನ ಕಡೆ ಮಂಗಗಳು ಸಾಯುತ್ತಿದ್ದ, ಜನಕ್ಕೂ ಆ ಜ್ವರ ಬರುತ್ತಿದ್ದ ಕಾಲ. ಡಾಕ್ಟರುಗಳ ಜೀಪುಗಳು ಓಡಾಡುತ್ತಿದ್ದವು. ಜನ ನಗಲು ಬಂದಿರಲಿಲ್ಲ, ಕೇಳಲು ಬಂದಿದ್ದರು. ಮಗುವನ್ನು ಸೊಂಟಕ್ಕೇರಿಸಿಕೊಂಡಿದ್ದ ಒಬ್ಬಾಕೆ ನಮ್ಮ ಪೋಸ್ಟ್‌ಮ್ಯಾನ್‌ನ ಹತ್ತಿರವೇ ಬಂದು, "ಅಲ್ಲಾ ಮಾರಾಯ್ತಿ, ಅವ ಸತ್ರೆ ನಿಂಗೆ ಎಂತ ಸಿಗ್ತದೆ?" ಎಂದು ಕೇಳಿದಳು. ಪೋಸ್ಟ್‌ಮ್ಯಾನ್ ನನ್ನ ಕಡೆ ನೋಡಿದ, ನಾನು ಆಕಾಶ ನೋಡಿದೆ. ಅವನು ಸೆರಗನ್ನು ಇನ್ನಷ್ಟು ಬಿಗಿಹಿಡಿದು, "ಏನೂ ಇಲ್ಲ ತಾಯಿ. ಮನೇಲಿ ಒಬ್ಳೇ ಉಣ್ಣೋದು ಸಿಗ್ತದೆ" ಎಂದ. ಅದನ್ನೂ ನಾನು ಬರೆದಿರಲಿಲ್ಲ. ದಿನಾ ಕಾಗದ ಹಂಚುತ್ತ ಅಜ್ಜಿಯ ಜಗಲಿಯ ಮುಂದೆ ಹಾಯುತ್ತಿದ್ದವನು, ಅಲ್ಲಿಂದ ತಂದಿದ್ದ ಮಾತು. ಆಕೆ ಮಗುವಿನ ಬಾಯಿಗೇ ಮೊದಲ ಮಂಡಕ್ಕಿ ಹಾಕಿದಳು. ಆಮೇಲೆ ಬುಟ್ಟಿ ಹತ್ತು ನಿಮಿಷದಲ್ಲಿ ಬರಿದಾಯಿತು. ಅರ್ಧ ಜನ ಬರೀ ಮಂಡಕ್ಕಿಯ ಆಸೆಗೆ ಬಂದದ್ದು ಎಂದು ಗುಮಾಸ್ತ ತಕರಾರು ತೆಗೆದ. ತೆಗೆಯಲಿ ಬಿಡಿ.

ಊರಿಗೆ ಬಂದು ಹುಮ್ಮಸ್ಸಿನಲ್ಲಿ, ನಮ್ಮ ಊರಿನ ಆಟಕ್ಕೆ ಮಂಡಕ್ಕಿ ಅಜ್ಜಿಯೇ ಮಾಡಲಿ ಎಂದೆ. ಅವರು ಒಗ್ಗರಣೆ ಹಾಕಿದ ಖಾರ ಮಂಡಕ್ಕಿಯ ರುಚಿ ನೋಡಲೆಂದು ಒಂದು ಡಬ್ಬಿ ತಾಲೀಮಿಗೂ ತಂದಿದ್ದೆ. ಯಾರೂ ಮುಟ್ಟಲಿಲ್ಲ. ಗುಮಾಸ್ತನಿಗೆ ಹಲ್ಲುನೋವು. ಪೋಸ್ಟ್‌ಮ್ಯಾನ್‌ಗೆ ಆಗಷ್ಟೇ ಊಟವಾಗಿತ್ತು. ಹೆಡ್‌ಮಾಸ್ತರು ಕನ್ನಡಕ ಒರೆಸುತ್ತ, "ನಂಬಿಕೆ ಅಂತ ಅಲ್ಲಮ್ಮಾ, ಸುಮ್ನೆ ಯಾಕೆ ಅಂತ" ಎಂದರು. ನಾಲ್ಕು ಊರುಗಳಲ್ಲಿ ಮದ್ದು ಸುಳ್ಳು ಎಂದು ಬಾಯಿ ಬಡಿದುಕೊಂಡು ಬಂದ ಮಹನೀಯರು! ನಾನು ಅವರನ್ನು ಏನೇನು ಬೈದೆ ಎಂದು ಇಲ್ಲಿ ಬರೆಯಲಾರೆ. ಮೂರು ಸೋಮವಾರದ ನೆನಪಾಗಿ ನಡುವೆಯೇ ಬಾಯಿ ಕಟ್ಟಿತು. ಆದರೂ ಒಂದು ಮಾತು ಗಟ್ಟಿಯಾಗಿ ಹೇಳಿದೆ: ಅಜ್ಜಿಯ ಮಂಡಕ್ಕಿ ಇಲ್ಲದಿದ್ದರೆ ನಾಟಕವೂ ಇಲ್ಲ. ಅವರು ಮುಖ ಮುಖ ನೋಡಿಕೊಂಡು, ತಿನ್ನುವವರು ನಾವಲ್ಲವಲ್ಲ ಎಂಬ ಸಮಾಧಾನದ ಮೇಲೆ ಒಪ್ಪಿದರು.

ಸುಗ್ಗಿ ಮುಗಿದು ಕಣ ಖಾಲಿಯಾಗಿತ್ತು. ಅಲ್ಲೇ ಆಟ, ಮಧ್ಯಾಹ್ನ ಮೂರಕ್ಕೆ. ಊರೆಲ್ಲ ಬಂದಿತ್ತು. ಅಜ್ಜಿ ಮಡಿ ಸೀರೆ ಉಟ್ಟು ಹೆಂಗಸರ ಸಾಲಿನ ತುದಿಯಲ್ಲಿ ಕುಳಿತರು. ಅವರ ಪಕ್ಕದಲ್ಲಿ ಇಬ್ಬರು ಕೂರುವಷ್ಟು ಜಾಗ ಹಾಗೇ ಇತ್ತು. ವಾರಗಿತ್ತಿ ಆ ತುದಿಯಲ್ಲಿ. ಬೇರೆ ಊರುಗಳಲ್ಲಿ ನಗುತ್ತಿದ್ದ ಜಾಗಗಳಲ್ಲಿ ಇಲ್ಲಿ ಯಾರೂ ನಗಲಿಲ್ಲ. ಯಾರೂ ಪ್ರಶ್ನೆ ಕೇಳಲಿಲ್ಲ. ಯಾರ ಕತೆ ಎಂದು ಎಲ್ಲರಿಗೂ ಗೊತ್ತಿತ್ತು. ಪೋಸ್ಟ್‌ಮ್ಯಾನ್ ಬುಟ್ಟಿ ಎತ್ತಿಕೊಂಡಾಗ ನಾನು ಮುಂದೆ ಹೋಗಿ ನಿಂತೆ. ಮೋಸ ಮಾಡಿ ತಿನ್ನಿಸುವುದು ನನಗೆ ಬೇಕಿರಲಿಲ್ಲ. ಗೊತ್ತಿಲ್ಲದೆ ತಿಂದರೆ ಅದು ತೀರ್ಪೇ ಅಲ್ಲ.

"ಈ ಮಂಡಕ್ಕಿ ನಮ್ಮ ಅಜ್ಜಿ ಮಾಡಿದ್ದು. ಗೊತ್ತಿದ್ದು ತಿನ್ನೋರು ಮಾತ್ರ ಬನ್ನಿ" ಎಂದೆ.

ಯಾರೂ ಅಲ್ಲಾಡಲಿಲ್ಲ. ನಾನು ಮನಸ್ಸಿನಲ್ಲಿ ಇಪ್ಪತ್ತರವರೆಗೆ ಎಣಿಸಿದೆ, ಮತ್ತೆ ಇಪ್ಪತ್ತರವರೆಗೆ. ಅಜ್ಜಿ ನೆಲ ನೋಡುತ್ತ ಕುಳಿತಿದ್ದರು. ಎಂಥ ಕೆಲಸ ಮಾಡಿದೆ, ಇದ್ದ ಮರ್ಯಾದೆಯನ್ನೂ ತೆಗೆದೆ ಎಂದು ನನ್ನನ್ನೇ ಬೈದುಕೊಂಡೆ. ಆಗ ಆ ತುದಿಯಲ್ಲಿ ವಾರಗಿತ್ತಿ ಎದ್ದಳು. ಮನೆಗೆ ಹೊರಟಳು ಎಂದುಕೊಂಡೆವು. ನೇರ ಬಂದು ಬುಟ್ಟಿಯ ಮುಂದೆ ನಿಂತಳು. ಪೋಸ್ಟ್‌ಮ್ಯಾನ್ ಒಂದು ಹಿಡಿ ತೆಗೆದ.

"ನೀನು ಸರಿ ಅತ್ಲಾಗೆ. ಈ ಮೀಸಿಯವನ ಕೈಯಿಂದ ನಾ ತಿನ್ನಂಗಿಲ್ಲ. ಮಾಡಿದಾಕಿ ಬಂದು ಹಾಕ್ಲಿ" ಎಂದಳು.

ಅಜ್ಜಿ ಏಳಲು ಹೋದರೆ ಮೊಣಕಾಲು ಕೇಳಲಿಲ್ಲ, ನಾನು ಓಡಿ ಎಬ್ಬಿಸಿದೆ. ಬಂದು ಬುಟ್ಟಿಗೆ ಕೈ ಹಾಕಿದರು. ಹಾಕಿದ ಕೈ ಮೇಲೆ ಬರಲಿಲ್ಲ. ವಾರಗಿತ್ತಿ ಸೆರಗೊಡ್ಡಿ, "ಹಾಕಕ್ಕ" ಎಂದಳು. ಅಲ್ಲೇ ನಿಂತು ತಿಂದಳು. ತಿನ್ನುತ್ತ ತಿನ್ನುತ್ತ ಊರಿನ ಕಡೆ ತಿರುಗಿ, "ಗಂಡ ಹೋದ ದುಃಖದಾಗೆ ಒಂದ್ ಮಾತು ಅಂದೆ. ಹಿಂದಕ್ಕೆ ತಗಣಾಕೆ ಬಾಯಿ ಬರ್ಲಿಲ್ಲ" ಎಂದಳು. ಅಜ್ಜಿ ಕೇಳಿದ್ದು ಒಂದೇ:

"ಇನ್ನಷ್ಟು ಹಾಕ್ಲಾ?"

ಆಮೇಲೆ ಬಂದರು. ಮೊದಲು ಹೆಂಗಸರು, ಒಬ್ಬರ ಸೆರಗು ಒಬ್ಬರು ಹಿಡಿದುಕೊಂಡು. ಆಮೇಲೆ ಗಂಡಸರು, ಬೇಸಾಯದ ಮಾತಾಡುತ್ತ ಆಕಸ್ಮಿಕವಾಗಿ ಈ ಕಡೆ ಬಂದವರಂತೆ. ಎಲ್ಲರೂ ಬರಲಿಲ್ಲ. ಗುಮಾಸ್ತ ಲೆಕ್ಕದಲ್ಲಿ ಗಟ್ಟಿ, ತಲೆ ಎಣಿಸಿ ಚೀಟಿ ಕೊಟ್ಟ. ತಿಂದವರಿಗಿಂತ ಕೂತವರು ಐದು ಜನ ಹೆಚ್ಚು. ನಿಯಮ ಅಂದರೆ ನಿಯಮ. ಹೆಡ್‌ಮಾಸ್ತರು ಎದ್ದು ನಿಂತು, ಈ ಸಲ ಒಂದಕ್ಷರವೂ ಮರೆಯದೆ ಘೋಷಿಸಿದರು: "ಊರಿನ ತೀರ್ಪಿನಂತೆ ಈ ಹೆಣ್ಣು ತಪ್ಪಿತಸ್ಥೆ. ಇನ್ನು ಮೇಲೆ ಯಾರೂ ಇವಳ ಕೈಯಿಂದ ಒಂದು ಹನಿ ನೀರನ್ನೂ ಮುಟ್ಟಕೂಡದು." ಹೀಗೆಂದು ಗಾಡಿಯಿಂದ ಇಳಿದು, ನೆಟ್ಟಗೆ ಅಜ್ಜಿಯ ಮುಂದೆ ಹೋಗಿ ಅಂಗೈ ಚಾಚಿದರು.

"ಈಗ ತಾನೇ ಬ್ಯಾಡ ಅಂದ್ರಲ್ರಿ ಮಾಸ್ತರೆ" ಎಂದರು ಅಜ್ಜಿ.

"ಅದು ಪಂಚಾಯ್ತಿ ಮಾತು ಅಜ್ಜಿ. ಇದು ಹೊಟ್ಟೆ ಮಾತು. ಹಾಕ್ರಿ."

ಕೂತಿದ್ದವರೂ ನಕ್ಕುಬಿಟ್ಟರು. ಅಜ್ಜಿ ಅವರ ಅಂಗೈಗೆ ಬುಟ್ಟಿ ಬಗ್ಗಿಸಿದರೆ ತಳದಲ್ಲಿ ನಾಲ್ಕೇ ಕಾಳು. "ಮುಗಿದೋತು" ಎಂದು ಅಜ್ಜಿ ಬುಟ್ಟಿಯನ್ನು ಕಂಕುಳಿಗೆ ಏರಿಸಿ, "ಮನೀಗೆ ಬರ್ರಿ ಎಲ್ಲಾರೂ" ಎಂದು ನಡೆದೇಬಿಟ್ಟರು. ಮೊಣಕಾಲು ನೋವಿನ ಅಜ್ಜಿ ಹಾಗೆ ನಡೆದದ್ದನ್ನು ನಾನು ಅದೊಂದೇ ಸಲ ನೋಡಿದ್ದು. ನಾನು ಹಿಂದೆಯೇ ಓಡಿದೆ. ಊರ ಬೀದಿಯ ತಿರುವಿನವರೆಗೂ ಅವರು ತಲೆ ಹೊರಳಿಸಲಿಲ್ಲ. ಹೊರಳಿಸಲು ಅವರಿಗೆ ಹೆದರಿಕೆ ಎಂದು ನನಗೆ ಆಮೇಲೆ ತಿಳಿಯಿತು. ಮುಂದೆ ನೋಡಿಕೊಂಡೇ, ಸಣ್ಣ ದನಿಯಲ್ಲಿ ಕೇಳಿದರು:

"ಅಕ್ಕೋರೆ, ಯಾರಾದ್ರೂ ಬರ್ತಾ ಅದಾರೇನ್ರಿ?"

ತಿರುಗಿ ನೋಡಿದೆ. ವಾರಗಿತ್ತಿ ಇದ್ದಳು. ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿದ್ದ ಪೋಸ್ಟ್‌ಮ್ಯಾನ್ ಇದ್ದ. ಅವರ ಹಿಂದೆ ಬೀದಿಯಲ್ಲಿ ಧೂಳೆದ್ದಿತ್ತು, ತಲೆ ಎಣಿಸಲಾಗಲಿಲ್ಲ.

"ಬರ್ತಾ ಇದಾರೆ ಅಜ್ಜಿ" ಎಂದೆ.

"ಹಂಗಾದ್ರೆ ನೀವು ಮುಂದೆ ಓಡ್ರಿ," ಎಂದರು, "ದೊಡ್ಡ ಪಾತ್ರಿಗೆ ಎಸರಿಡ್ರಿ."